ಮೊದಲು ಸರೋವರ, ಆಮೇಲೆ ರೆಸಾರ್ಟ್

ನಿನ್ನೆ ರಾತ್ರಿ ಮಿಸ್ಸಿಸಾಗಾದ ಗೆಳೆಯರೊಬ್ಬರ ಮನೆಯಲ್ಲಿ ಊಟ ಮುಗಿಸಿ ಕುಳಿತಿದ್ದಾಗ, ನಾಲ್ಕು ಕುಟುಂಬಗಳು ಸೇರಿ ಮೊದಲ ಬಾರಿಗೆ ಮೀನು ಹಿಡಿಯುವ ಪ್ರವಾಸಕ್ಕೆ ಹೊರಟಿರುವ ಸುದ್ದಿ ತಿಳಿಯಿತು. ಹದಿನಾಲ್ಕು ವರ್ಷಗಳಿಂದ ಕೆನಡಾದ ಈ ಒಂಟಾರಿಯೊ ಪ್ರಾಂತ್ಯದಲ್ಲಿ ಗಾಳ ಹಾಕುತ್ತಿರುವ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಐದು ನಿಮಿಷ ಕಳೆಯುವುದರೊಳಗೆ ಆ ಸಂತೋಷ ಸಿಟ್ಟಾಯಿತು. ಫೋನಿನಲ್ಲಿ ಒಂದರ ಹಿಂದೊಂದು ಚಿತ್ರ ತೋರಿಸಿದರು: ಬಿಳಿ ಹೊದಿಕೆಯ ಮಂಚ, ಬಿಸಿನೀರಿನ ತೊಟ್ಟಿ, ಕಲ್ಲಿನ ಅಗ್ಗಿಷ್ಟಿಕೆ, ದೊಡ್ಡ ಟಿವಿ. ನೀರಿನ ಚಿತ್ರ ಒಂದೇ ಒಂದಿತ್ತು, ಅದೂ ಸೂರ್ಯಾಸ್ತದ್ದು. ಸರೋವರ ಯಾವುದು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಳಾಸ ಹಿಡಿದು ನಕ್ಷೆಯಲ್ಲಿ ನಾನೇ ಹುಡುಕಿದೆ. ನಿಪಿಸ್ಸಿಂಗ್ ಸರೋವರದ ತೆರೆದ ದಂಡೆ. ಹೋಗುವ ದಿನ ಮೇ ತಿಂಗಳ ಮೊದಲ ವಾರ. ಹಿಡಿಯಬೇಕೆಂದುಕೊಂಡಿರುವ ಮೀನು ವಾಲೈ.

ನಿಪಿಸ್ಸಿಂಗ್‌ನಲ್ಲಿ ವಸಂತದ ನಿಷೇಧದ ನಂತರ ವಾಲೈ ಹಿಡಿಯಲು ಅನುಮತಿ ಸಿಗುವುದು ಮೇ ತಿಂಗಳ ಮೂರನೆಯ ಶನಿವಾರದಿಂದ. ಹಿಮ ಕರಗಿದ ಮೇಲೆ ಈ ಮೀನು ಜಲ್ಲಿಕಲ್ಲಿನ ತೆಳುನೀರಿಗೆ, ಹೊಳೆಗಳ ಬಾಯಿಗೆ ಬಂದು ಮೊಟ್ಟೆಯಿಡುತ್ತದೆ. ಆ ಕಾರಣಕ್ಕಾಗಿಯೇ ಆಗ ಅದನ್ನು ಮುಟ್ಟುವಂತಿಲ್ಲ. ಮುಂಗಡ ಕಟ್ಟಿಯಾಗಿದೆ, ರಾಡ್ ರೀಲುಗಳನ್ನು ಕೊಂಡಾಗಿದೆ, ಮಕ್ಕಳಿಗೆ ಹೇಳಿಯೂ ಆಗಿದೆ. ಇಷ್ಟೆಲ್ಲ ಆದ ಮೇಲೂ ಯಾವ ನೀರಿಗೆ, ಯಾವ ಮೀನಿಗೆ, ಯಾವ ಕಾಲಕ್ಕೆ ಹೋಗುತ್ತಿದ್ದೇವೆ ಎಂಬ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ. ಕ್ಷಮಿಸಿ, ಒಬ್ಬರು ಕೇಳಿದ್ದರು. ಗೆಳೆಯರ ಪತ್ನಿ ಎರಡು ವಾರದ ಹಿಂದೆಯೇ ಗುಂಪಿನಲ್ಲಿ, "ಅಲ್ಲಿ ಯಾವ ಮೀನು ಸಿಗುತ್ತದೆ?" ಎಂದು ಬರೆದಿದ್ದರಂತೆ. ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಮೀನಿಗಾಗಿ ಹೊರಟವರು ಮನೆಯನ್ನು ಮೊದಲು ಆರಿಸಿ, ಆ ಮನೆಯ ಮುಂದೆ ಯಾವ ನೀರು ಬಿದ್ದಿದೆಯೋ ಅದರಲ್ಲಿ ಗಾಳ ಹಾಕುತ್ತೇವೆಂದು ಹೊರಡುತ್ತಾರೆ. ಒಂಟಾರಿಯೊ ಒಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಸರೋವರಗಳಿವೆ. ಮೀನುಗಾರಿಕೆಯ ನಿಯಮಗಳಿಗಾಗಿ ಇಡೀ ಪ್ರಾಂತ್ಯವನ್ನು 20 ವಲಯಗಳಾಗಿ ಹಂಚಿದ್ದಾರೆ. ವಲಯ ಬದಲಾದರೆ ಋತು ಬದಲಾಗಬಹುದು, ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದು ಬದಲಾಗಬಹುದು, ಕೆಲವು ಸರೋವರಗಳಿಗಂತೂ ತಮ್ಮದೇ ಪ್ರತ್ಯೇಕ ನಿಯಮಗಳಿವೆ. ವಾಯವ್ಯದ ಲ್ಯಾಕ್ ಸೂಲ್ ಸರೋವರದಲ್ಲಿ 46ರಿಂದ 53 ಸೆಂಟಿಮೀಟರ್ ಉದ್ದದ ವಾಲೈ ಸಿಕ್ಕರೆ ನೀರಿಗೆ ಮರಳಿ ಬಿಡಲೇಬೇಕು. ತಟ್ಟೆಗೆ ಬರುವುದು ಹೆಚ್ಚಾಗಿ ಅದಕ್ಕಿಂತ ಚಿಕ್ಕದು. ಮನೆ ಹಿಡಿದ ಮೇಲೆ ಇದನ್ನೆಲ್ಲ ಓದಿ ಪ್ರಯೋಜನವೇನು?

ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದರ ನೋವು ಇಂದಿಗೂ ಇದೆ. ನನ್ನ ಮೊದಲ ಪ್ರವಾಸದ ಆ ರೆಸಾರ್ಟಿನ ಹೆಸರು ಇಲ್ಲಿ ಬೇಡ, ಅವರ ತಪ್ಪಿಗಿಂತ ನನ್ನ ತಪ್ಪೇ ದೊಡ್ಡದು. ಅದೂ ನಿಪಿಸ್ಸಿಂಗ್‌ನ ದಂಡೆಯೇ. ಆ ಸರೋವರದ ವಿಸ್ತಾರ ಸುಮಾರು 870 ಚದರ ಕಿಲೋಮೀಟರ್, ಸರಾಸರಿ ಆಳ ಮಾತ್ರ ಐದು ಮೀಟರಿಗೂ ಕಡಿಮೆ. ಇಷ್ಟು ಅಗಲದ, ಇಷ್ಟು ತೆಳುವಾದ ನೀರಿನ ಮೇಲೆ ಪಶ್ಚಿಮದ ಗಾಳಿ ಬೀಸಿದರೆ ಅರ್ಧ ಗಂಟೆಯಲ್ಲಿ ಅಲೆಗಳು ಎದ್ದು ನಿಲ್ಲುತ್ತವೆ. ನಮಗೆ ಕೊಟ್ಟಿದ್ದು ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿ, ಹಿಂದೊಂದು ಸಣ್ಣ ಮೋಟಾರು. ಮೂರು ದಿನಗಳಲ್ಲಿ ಎರಡು ದಿನ ಆ ದೋಣಿ ಡಾಕಿಗೆ ಕಟ್ಟಿದ ಹಗ್ಗ ಬಿಡಿಸಿಕೊಳ್ಳಲೇ ಇಲ್ಲ. ಎಂಟು ವರ್ಷದ ಮಗ ಲೈಫ್ ಜಾಕೆಟ್ ಹಾಕಿಕೊಂಡೇ ಕಿಟಕಿಯ ಬಳಿ ಕುಳಿತಿದ್ದ. ಮಧ್ಯಾಹ್ನ ಊಟಕ್ಕೆ ಕರೆದರೂ ಅದನ್ನು ಬಿಚ್ಚಲು ಒಪ್ಪಲಿಲ್ಲ, ಗಾಳಿ ನಿಂತ ಕೂಡಲೇ ಹೋಗಬೇಕಲ್ಲ ಎಂದ. ಆ ಕೊಠಡಿಯ ಮಂಚ ಹೇಗಿತ್ತೆಂದು ನನಗೀಗ ನೆನಪಿಲ್ಲ. ಅವನ ಕೊರಳಿನ ಹತ್ತಿರ ಬಿಗಿದಿದ್ದ ಆ ಕಿತ್ತಳೆ ಬಣ್ಣದ ಪಟ್ಟಿ ಮಾತ್ರ ಕಣ್ಣ ಮುಂದೆಯೇ ಇದೆ.

ತೀರ್ಥಹಳ್ಳಿಯ ಕಡೆಯ ನನ್ನಂಥವನಿಗೆ ಇದು ತಿಳಿಯದೇ ಹೋದದ್ದು ಇನ್ನೂ ಹೆಚ್ಚಿನ ಸಂಕಟ. ನಮ್ಮ ಸೋದರಮಾವ ಹೊಳೆಗೆ ಕರೆದುಕೊಂಡು ಹೋದಾಗ ಗಾಳ ಬಿಚ್ಚುವ ಮುಂಚೆ ಹತ್ತು ನಿಮಿಷ ದಡದಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ಮಡು ಎಲ್ಲಿದೆ, ಸೆಳೆತ ಎಲ್ಲಿ ತಿರುಗುತ್ತದೆ, ನೆರಳು ಯಾವ ಬಂಡೆಯ ಬುಡದಲ್ಲಿದೆ ಎಂದು ನೋಡಿಯೇ ಕೂರುತ್ತಿದ್ದರು. ಆದರೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮೊದಲ ಮಳೆಗೆ ಗದ್ದೆಯ ನೀರಿಗೆ ಏರಿಬರುತ್ತಿದ್ದ ಹತ್ತುಮೀನನ್ನು, ಹೊಟ್ಟೆಯ ತುಂಬ ಮೊಟ್ಟೆ ಹೊತ್ತ ಮೀನನ್ನು, ನಾವು ಕೂಣಿ ಒಡ್ಡಿ ಬುಟ್ಟಿಗಟ್ಟಲೆ ಹಿಡಿದಿದ್ದೇವೆ. ಈಗ ಊರಿಗೆ ಹೋದಾಗ ಆ ತೋಡುಗಳಲ್ಲಿ ಅಂಥ ಮೀನು ನನಗೆ ಕಾಣುವುದಿಲ್ಲ. ಇಲ್ಲಿ ಮೇ ಮೂರನೆಯ ಶನಿವಾರದವರೆಗೆ ಕಾಯಿರಿ ಎಂದು ಕಾನೂನು ಹೇಳುವಾಗ ನನಗೆ ಅದು ಕಿರುಕುಳವೆನಿಸುವುದಿಲ್ಲ, ನಾವು ಅಲ್ಲಿ ಕಾಯಬೇಕಾಗಿದ್ದ ದಿನಗಳು ನೆನಪಾಗುತ್ತವೆ.

"ಹೆಂಗಸರು ಮಕ್ಕಳು ಬರುವಾಗ ಕೊಠಡಿಯೇ ಮುಖ್ಯವಲ್ಲವೇ?" ಎಂದು ನಿನ್ನೆ ಒಬ್ಬರು ವಾದಿಸಿದರು. ಶುಚಿಯಾದ ಹಾಸಿಗೆ, ಬಿಸಿನೀರು, ಅಡುಗೆಮನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮವರು ಅನ್ನ ಸಾರು ಮಾಡಿಕೊಳ್ಳಬಹುದಾದ ಹೌಸ್‌ಕೀಪಿಂಗ್ ಕಾಟೇಜನ್ನೇ ಹಿಡಿಯಲಿ, ಮೂರು ಹೊತ್ತಿನ ಊಟವೂ ಸೇರಿರುವ ಅಮೆರಿಕನ್ ಪ್ಲಾನ್ ಸಸ್ಯಾಹಾರಿಗಳಿರುವ ಗುಂಪಿಗೆ ಒಗ್ಗುವುದು ಕಷ್ಟ. ಆದರೆ ಬಿಸಿನೀರಿನ ತೊಟ್ಟಿ ನಯಾಗರಾದ ಹೋಟೆಲಿನಲ್ಲೂ ಸಿಗುತ್ತದೆ. ಮೀನಿಗಾಗಿ ನಾಲ್ಕು ಗಂಟೆ ಕಾರಿನಲ್ಲಿ ಕುಳಿತ ಮಕ್ಕಳಿಗೆ ಮೀನು ತೋರಿಸಲಾಗದಿದ್ದರೆ ಆ ತೊಟ್ಟಿಯಿಂದ ಆಗುವ ಸಮಾಧಾನವೇನು? ಇನ್ನೊಬ್ಬರು ವಿಡಿಯೊ ತೋರಿಸಿ, ಹೋಗುವುದಾದರೆ ಲೇಕ್ ಆಫ್ ದಿ ವುಡ್ಸ್‌ಗೇ ಹೋಗೋಣ ಎಂದರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ದ್ವೀಪಗಳಿರುವ ಅದ್ಭುತವಾದ ನೀರು ಅದು. ವಿನ್ನಿಪೆಗ್‌ನವರಿಗೆ ಎರಡು ಮೂರು ಗಂಟೆಯ ದಾರಿ, ಟೊರಾಂಟೊದವರಿಗೆ 1,700 ಕಿಲೋಮೀಟರಿಗೂ ಹೆಚ್ಚು. ಮೊದಲ ಪ್ರವಾಸಕ್ಕೆ ಅದು ಬೇಡ. ತೇಲುವಿಮಾನದಲ್ಲಿ ಒಯ್ದು ಬಿಡುವ ಒಂಟಿ ಕ್ಯಾಬಿನ್‌ಗಳೂ ಬೇಡ. ಅಲ್ಲಿ ತಲೆಗಿಷ್ಟು ಕಿಲೋ ಎಂದು ಸಾಮಾನು ತೂಗುತ್ತಾರೆ, ಮಗುವಿಗೆ ಜ್ವರ ಬಂದರೆ ವಿಮಾನ ಬರುವವರೆಗೆ ಕಾಯಬೇಕು.

ನಮ್ಮ ಟೊರಾಂಟೊ ಕಡೆಯವರು ಮೊದಲ ಸಲ ಫ್ರೆಂಚ್ ನದಿಯ ಮೇಲ್ಭಾಗಕ್ಕೆ, ಅಥವಾ ನಿಪಿಸ್ಸಿಂಗ್‌ಗೇ ಹೋಗುವುದಾದರೆ ಅದರ ಪಶ್ಚಿಮದ ಮರೆಯಾದ ಕೊಲ್ಲಿಗಳಿಗೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಪಿಸ್ಸಿಂಗ್‌ನಿಂದ ಹೊರಟು ಜಾರ್ಜಿಯನ್ ಕೊಲ್ಲಿ ಸೇರುವ ಈ ನದಿಯನ್ನು 1986ರಲ್ಲಿ ಕೆನಡಾದ ಮೊದಲ ಪಾರಂಪರಿಕ ನದಿಯೆಂದು ಘೋಷಿಸಿದರು. ಬಂಡೆ, ದ್ವೀಪ, ಕವಲುಗಳ ನಡುವೆ ಹರಿಯುವುದರಿಂದ ಗಾಳಿ ಯಾವ ಕಡೆಯಿಂದ ಬಂದರೂ ಮರೆಯಾದ ಒಂದು ಮೂಲೆ ಇದ್ದೇ ಇರುತ್ತದೆ. ವಾಲೈ, ಪೈಕ್, ಬಾಸ್ ಮೂರೂ ಜಾತಿಯ ಮೀನುಗಳಿವೆ. ವಾಲೈ ಕಣ್ಣು ಮಂದ ಬೆಳಕಿಗೆ ಹೊಂದಿಕೊಂಡದ್ದು, ಹಾಗಾಗಿ ಅದು ಮುಂಜಾನೆ ಮತ್ತು ಮುಸ್ಸಂಜೆ ಮೇಯಲು ಹೊರಡುತ್ತದೆ. ನಡು ಹಗಲಿನಲ್ಲಿ ಮಕ್ಕಳಿಗೆ ಬೇಸರವಾದರೆ ಕಳೆ ಬೆಳೆದ ತೆಳುನೀರಿನಲ್ಲಿ ಪೈಕ್ ಬಂದು ಗಾಳದ ಚಮಚವನ್ನು, ಅಂದರೆ ಚಮಚದಾಕಾರದ ಲೋಹದ ಹುಸಿ ಎರೆಯನ್ನು, ಬಡಿಯುತ್ತದೆ. ಬಾಸ್ ಋತು ವಾಲೈಗಿಂತ ತಡವಾಗಿ ತೆರೆಯುತ್ತದೆ, ಆಯಾ ವರ್ಷದ ನಿಯಮಪುಸ್ತಕ ನೋಡಿಯೇ ಹೊರಡಿ.

ಎರಡನೆಯ ಬಾರಿ ಹೊರಟಾಗ ನಾನು ಚಿತ್ರ ನೋಡಲಿಲ್ಲ, ಫೋನ್ ಮಾಡಿದೆ. ಕೇಳಿದ್ದು ಒಂದೇ ಮುಖ್ಯ ಪ್ರಶ್ನೆ: "ಗಾಳಿ ಜೋರಾದ ದಿನ ನಿಮ್ಮ ಅತಿಥಿಗಳು ಎಲ್ಲಿಗೆ ಹೋಗುತ್ತಾರೆ?" ಆ ಕಡೆಯಿದ್ದ ವಯಸ್ಸಾದ ಹೆಂಗಸು ತಡಮಾಡದೆ, ಡಾಕಿನಿಂದ ಎಡಕ್ಕೆ ಎರಡನೆಯ ದ್ವೀಪದ ಹಿಂದೆ ಎಂಟು ಅಡಿ ನೀರಿದೆ, ಚಿಕ್ಕವರನ್ನು ಅಲ್ಲಿಗೆ ಕರೆದೊಯ್ಯಿರಿ ಎಂದರು. ದೋಣಿಯ ಉದ್ದ, ಮೋಟಾರಿನ ಶಕ್ತಿ, ಪೆಟ್ರೋಲು ಬಾಡಿಗೆಯಲ್ಲಿ ಸೇರಿದೆಯೇ, ಗಾಳಕ್ಕೆ ಸಿಕ್ಕಿಸುವ ಜೀವಂತ ಮರಿಮೀನು ಅಲ್ಲಿಯೇ ಸಿಗುತ್ತದೆಯೇ, ಮೀನು ಸೀಳಲು ಗುಡಿಸಲಿದೆಯೇ ಎಂಬುದನ್ನೆಲ್ಲ ಅವರೇ ಹೇಳಿದರು. ದೋಣಿ ನಡೆಸಲು ಬೇಕಾದ ಕಾರ್ಡ್ ನನ್ನ ಬಳಿ ಆಗ ಇರಲಿಲ್ಲ, ಬಾಡಿಗೆ ದೋಣಿಗೆ ಸುರಕ್ಷತಾ ಪಟ್ಟಿಯನ್ನು ಒಂದೊಂದಾಗಿ ವಿವರಿಸಿ ಸಹಿ ಹಾಕಿಸಿಕೊಂಡೇ ಕೀಲಿ ಕೊಟ್ಟರು. ಈ ಫೋನ್ ಕರೆಗೆ ಹಿಡಿದದ್ದು ಹತ್ತು ನಿಮಿಷ.

ಆ ಸಂಜೆ ಎರಡನೆಯ ದ್ವೀಪದ ಹಿಂದೆ ಮಗನ ರಾಡಿನ ತುದಿ ಎರಡು ಸಲ ಮೆಲ್ಲಗೆ ಅಲುಗಿತು. ವಾಲೈ ಹಾಗೆಯೇ, ಎಳೆಯುವುದಕ್ಕಿಂತ ಮೊದಲು ತಟ್ಟಿ ನೋಡುತ್ತದೆ. ಮೇಲೆ ಬಂದಾಗ ಬಂಗಾರದ ಹೊಳಪಿನ ಮೈ, ಬಾಲದ ಕೆಳತುದಿಯಲ್ಲಿ ಬಿಳಿ ಮಚ್ಚೆ, ಒಳಗಿನಿಂದ ಬೆಳಕು ಬಿಟ್ಟಂತೆ ಹೊಳೆಯುವ ಕಣ್ಣು. ಅವನು ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿ ಅದನ್ನು ಹಿಡಿದು, ಇದನ್ನು ಬಿಟ್ಟುಬಿಡೋಣವೇ ಅಪ್ಪಾ ಎಂದು ಕೇಳಿದ. ಬಿಟ್ಟೆವು.

ನಿನ್ನೆ ಊಟದ ಮನೆಯಲ್ಲಿ ನಾನು ಧ್ವನಿ ಏರಿಸಿದ್ದಕ್ಕೆ ಆ ನಾಲ್ಕೂ ಮನೆಯವರ ಕ್ಷಮೆ ಕೇಳುತ್ತೇನೆ, ಹೇಳಿದ ಮಾತನ್ನು ಮಾತ್ರ ಹಿಂದೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಆ ರೆಸಾರ್ಟಿಗೆ ನಾನೇ ಫೋನ್ ಮಾಡಿ ಮುಂಗಡವನ್ನು ಜೂನ್ ಎರಡನೆಯ ವಾರಕ್ಕೆ ಬದಲಿಸಿಕೊಡಲು ಸಾಧ್ಯವೇ ಎಂದು ಕೇಳುತ್ತೇನೆ. ಆಗದು ಎಂದರೆ ಶನಿವಾರ ನಕ್ಷೆ ಹಿಡಿದು ಬರುತ್ತೇನೆ, ಎಲ್ಲರೂ ಕುಳಿತು ಬೇರೆ ನೀರು ಹುಡುಕೋಣ. ಸೊಳ್ಳೆಯ ಬಲೆ ನನ್ನ ಬಳಿ ನಾಲ್ಕಿವೆ, ಇನ್ನಷ್ಟು ನೀವು ತನ್ನಿ.