ಹಳೆಯ ಮನೆಗೆ ಹಳೆಗಾಲದ ಬಾಗಿಲು

ಬ್ರಿಸ್ಟಲ್‌ನಲ್ಲಿ ನಾವಿರುವುದು ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಯೊಂದರಲ್ಲಿ. ಹಿಂದಿನ ಮಾಲೀಕರು ಹಾಕಿಸಿದ್ದ ಪ್ಲಾಸ್ಟಿಕ್ ಬಾಗಿಲನ್ನು ಕಳೆದ ವರ್ಷ ತೆಗೆಸಲು ಹೊರಟಾಗ, ಮಾರಾಟಗಾರನೊಬ್ಬ ‘ವಿಕ್ಟೋರಿಯನ್ ಶೈಲಿ’ಯದೆಂದು ಫೈಬರ್‌ಗ್ಲಾಸ್ ಹೊದಿಕೆಯ ಬಾಗಿಲೊಂದನ್ನು ತೋರಿಸಿದ, ಅದರ ಮೈತುಂಬ ಮರದ ಎಳೆಗಳನ್ನು ಅಚ್ಚೊತ್ತಿದ್ದರು. ಆ ಕಾಲದ ಸಾಧಾರಣ ಮನೆಗಳ ಬಾಗಿಲಾದರೋ ಪೈನ್ ಮರದ್ದು, ಎಳೆ ಮುಚ್ಚುವಂತೆ ಬಣ್ಣ ಬಳಿದದ್ದು. ಕೆಲವರು ಆ ಬಣ್ಣದ ಮೇಲೆ ಓಕ್ ಮರದ ಎಳೆಗಳನ್ನು ಕುಂಚದಿಂದ ಬರೆಸುತ್ತಿದ್ದುದೂ ಉಂಟು. ಹಾಗಾಗಿ ಇವನದು ನಕಲಿನ ನಕಲು.

ಇಲ್ಲಿನ ಹಳೆಯ ಬಾಗಿಲುಗಳ ರೂಪಕ್ಕೆ ಕಾರಣಗಳಿವೆ. ವಿಕ್ಟೋರಿಯಾಗೆ ಹಿಂದಿನ, ಜಾರ್ಜ್ ದೊರೆಗಳ ‘ಜಾರ್ಜಿಯನ್’ ಕಾಲದ ಬಾಗಿಲಿಗೆ ಸಾಮಾನ್ಯವಾಗಿ ಆರು ಪ್ಯಾನೆಲ್. ಪೂರ್ತಿ ಮರದ್ದಾದ್ದರಿಂದ ಒಳಗೆ ಬೆಳಕು ಬರಲೆಂದು ಬಾಗಿಲಿನ ಮೇಲ್ಗಡೆ, ಚೌಕಟ್ಟಿನಲ್ಲಿ, ಬೀಸಣಿಗೆಯಾಕಾರದ ಗಾಜನ್ನು ಕೂರಿಸುತ್ತಿದ್ದರು. 1840ರಲ್ಲಿ, ದೇಶದೊಳಗೆ ಎಲ್ಲಿಗಾದರೂ ಒಂದೇ ಪೆನ್ನಿಗೆ ಕಾಗದ ಕಳಿಸುವ ಅಂಚೆ ಬಂದ ಮೇಲೆ ಕಾಗದ ಹಾಕುವ ಕಂಡಿ ಬಾಗಿಲುಗಳಲ್ಲಿ ಸಾಮಾನ್ಯವಾಯಿತು. 1845ರಲ್ಲಿ ಗಾಜಿನ ಸುಂಕ ರದ್ದಾಗಿ ಗಾಜು ಅಗ್ಗವಾದ ಮೇಲೆ, ನಾಲ್ಕು ಪ್ಯಾನೆಲ್ಲಿನ ವಿಕ್ಟೋರಿಯನ್ ಬಾಗಿಲುಗಳಲ್ಲಿ ಮೇಲಿನೆರಡರ ಜಾಗಕ್ಕೆ ಬಣ್ಣದ ಗಾಜು ಬರತೊಡಗಿತು. ಈಗಿನ ಕಾರ್ಖಾನೆಯವರು ಆ ಬೀಸಣಿಗೆಯನ್ನು ಬಾಗಿಲಿನ ಹಲಗೆಯೊಳಗೇ ತುರುಕಿ ‘ಜಾರ್ಜಿಯನ್’ ಎನ್ನುವುದು ನನಗೆ ಸಹಿಸದು.

ಹಾಸನದ ಕಡೆಯ ನಮ್ಮ ಅಜ್ಜನ ಮನೆಗೆ ಹಲಸಿನ ದಾರಂದ, ಅದರ ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ, ಜೋಡಿ ಕದ, ತಲೆ ತಗ್ಗಿಸಿಯೇ ಒಳಹೋಗಬೇಕಾದ ಎತ್ತರ. ದಾರಂದ ನಿಲ್ಲಿಸಲು ಮುಹೂರ್ತ ನೋಡುವ, ದಿನವೂ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವ ನಾವು, ಮನೆ ಕೆಡವುವಾಗ ಅದನ್ನು ಹಳೇ ಮರದ ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಂಡೆವು. ಅದೀಗ ಯಾವುದೋ ರೆಸಾರ್ಟಿನಲ್ಲಿ ಊಟದ ಮೇಜಾಗಿದ್ದರೂ ಆಶ್ಚರ್ಯವಿಲ್ಲ.

ಇಂಗ್ಲೆಂಡಿನಲ್ಲಿ ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯ ಮುಂಬಾಗಿಲನ್ನು ಬದಲಿಸಲು ಅನುಮತಿ ಬೇಕು. ಬಾತ್ ಊರಿನಲ್ಲಿ ಅರ್ಧಚಂದ್ರಾಕಾರವಾಗಿ ಕಟ್ಟಿದ ಜಾರ್ಜಿಯನ್ ಸಾಲುಮನೆಗಳಾದ ರಾಯಲ್ ಕ್ರೆಸೆಂಟ್‌ನಲ್ಲಿ 1970ರ ದಶಕದಲ್ಲಿ 22ನೇ ಮನೆಯ ಒಡತಿ ಬಾಗಿಲಿಗೆ ಹಳದಿ ಬಣ್ಣ ಹೊಡೆಸಿದ್ದಕ್ಕೇ ದೊಡ್ಡ ತಕರಾರಾಗಿ, ಕೊನೆಗೆ ಆಕೆಯೇ ಗೆದ್ದರು. ಮುಂಬಾಗಿಲು ಬೀದಿಗೂ ಸೇರಿದ್ದೆಂಬ ಈ ಹಟ ಮೊದಲು ನನಗೆ ಅತಿಯೆನಿಸುತ್ತಿತ್ತು. ಅಜ್ಜನ ಮನೆಯ ದಾರಂದ ಹೋದ ಮೇಲೆ ಹಾಗೆನಿಸುತ್ತಿಲ್ಲ.

ಕೊನೆಗೆ ಹಳೆಯ ಸಾಮಾನಿನ ಅಂಗಳದಲ್ಲಿ ಪೈನ್ ಬಾಗಿಲೊಂದು ಸಿಕ್ಕಿತು. ಎರಡು ಅಂಗುಲ ಗಿಡ್ಡವಿದ್ದುದರಿಂದ ಬಡಗಿ ಕೆಳಗೆ ಪಟ್ಟಿ ಸೇರಿಸಿದ. ಪ್ಲಾಸ್ಟಿಕ್ ಬಾಗಿಲಿನ ಜೊತೆಗೆ ಬಂದಿದ್ದ ಅಲ್ಯೂಮಿನಿಯಂ ಹೊಸ್ತಿಲನ್ನೂ ಕಿತ್ತು ಓಕ್ ಮರದ್ದನ್ನು ಹಾಕೆಂದಾಗ ಅವನು ಕಾರಣ ಕೇಳಿದ. ಆ ಲೋಹಕ್ಕೆ ಅರಿಶಿನ ಹಿಡಿಯುವುದಿಲ್ಲವೆಂದು ನನ್ನ ಹೆಂಡತಿ ವಿವರಿಸಿದಳು.