ದೋರೆಗಾಯಿ ಕಿತ್ತರೆ ತಪ್ಪೇನು?

ಕರ್ನಾಟಕ ಬಿಟ್ಟು ತಂಪು ಸೀಮೆಗೆ ಬಂದ ಮೇಲೆ ನನ್ನ ಒಂದು ಹಟ ಮುರಿದದ್ದು ಟೊಮೆಟೊ ಗಿಡ. ಹಣ್ಣು ಅಂದ್ರೆ ಗಿಡದಲ್ಲೇ ಪೂರ್ತಿ ಕೆಂಪಾಗಬೇಕು ಅನ್ನುವ ಹಟ. ಬಿಸಿಲಿಗೆ ಬರವಿಲ್ಲದ ಕಡೆ ಅದು ಸಲೀಸು. ಇಲ್ಲಿ ಬೇಸಿಗೆ ಹೆಸರಿಗಷ್ಟೇ. ಕಾಯಿ ದಪ್ಪಗಾಗುತ್ತದೆ, ಆಮೇಲೆ ಸುಮ್ನೆ ನಿಂತುಬಿಡುತ್ತದೆ. ವಾರ ಬಿಟ್ಟು ನೋಡಿದರೂ ಅದೇ ಹಸಿರು.

ಮೊದಲ ವರ್ಷ ಬಿಸಿಲು ಸಾಲದೇನೋ ಅಂತ ಕಾಯಿಗೆ ಅಡ್ಡ ಇದ್ದ ಎಲೆಗಳನ್ನೆಲ್ಲ ಸವರಿಬಿಟ್ಟೆ. ದಡ್ಡ ಕೆಲಸ. ಬಲಿತ ಕಾಯಿ ಕೆಂಪಾಗಲು ಬೇಕಾದದ್ದು ಬಿಸಿಲಿಗಿಂತ ಜಾಸ್ತಿ ಬೆಚ್ಚಗಿನ ಹವೆ. ಕೆಂಪು ಬಣ್ಣ ಕೊಡುವ ಲೈಕೋಪೀನ್ ಚೆನ್ನಾಗಿ ಕೂಡುವುದು ಸುಮಾರು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. 10 ಡಿಗ್ರಿ ಹತ್ತಿರ ಇಳಿದರೆ ಕೆಲಸ ನಿಂತ ಹಾಗೆಯೇ. ತಮಾಷೆ ನೋಡಿ, 30 ಡಿಗ್ರಿ ದಾಟಿದರೂ ಕೆಂಪು ಸರಿಯಾಗಿ ಏರುವುದಿಲ್ಲ, ಹಣ್ಣು ಹಳದಿ ಹಳದಿಯಾಗಿ ಉಳಿಯುತ್ತದೆ. ಸುಡುಬಿಸಿಲಿನ ಬಗ್ಗೆ ನನಗಿದ್ದ ಜಂಬವೂ ಅರ್ಧ ಸುಳ್ಳೇ! ಎಲೆ ಸವರಿ ನಾನು ಗಳಿಸಿದ್ದೇನೂ ಇಲ್ಲ. ಕಾಯಿಗೆ ಸಿಹಿ ಉಣಿಸುತ್ತಿದ್ದವು ಅವೇ.

ತಂಪಿನಲ್ಲಿ ಪಳಗಿದವರು ಹೀಗೆ ಕಾಯುತ್ತಾ ಕೂರುವುದಿಲ್ಲ. ಕಾಯಿಯ ತಳದಲ್ಲಿ ತುಸು ಗುಲಾಬಿ ಬಣ್ಣ ಕಂಡರೆ ಸಾಕು, ಕಿತ್ತು ಮನೆಯೊಳಗೆ ಇಡುತ್ತಾರೆ. ಮೊದಲು ಇದು ಕಳ್ಳಾಟ ಅನಿಸಿತ್ತು. ಆದರೆ ಅಷ್ಟೊತ್ತಿಗೆ ಕಾಯಿ ತಾನೇ ಎಥಿಲೀನ್ ಅನ್ನುವ, ಕಾಯನ್ನು ಹಣ್ಣಾಗಿಸುವ ಅನಿಲ ಬಿಡಲು ಶುರು ಮಾಡಿರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಗಿಡದ ಹಂಗು ಅಷ್ಟಾಗಿ ಇಲ್ಲ. ರುಚಿಯಲ್ಲೂ ಹೇಳಿಕೊಳ್ಳುವಂಥ ಕೊರತೆ ನನಗೆ ಕಂಡಿಲ್ಲ. ಯೋಚಿಸಿದರೆ, ಈ ಹಂತಕ್ಕೆ ದೋರೆಗಾಯಿ ಅನ್ನುವ ಚೆಂದದ ಪದ ಕನ್ನಡದಲ್ಲೇ ಇದೆ. ಹಣ್ಣಿಗೆ ಹಾಕುವುದು ಅನ್ನುವ ಮಾತೂ ಇದೆ. ಮರೆತವನು ನಾನು, ಅಷ್ಟೇ.

ಈಗ ನಾನೂ ಹಾಗೇ ಮಾಡುತ್ತೇನೆ. ಅವಸರ ಇದ್ದರೆ ಕಾಗದದ ಕವರಿನಲ್ಲಿ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಇಡುತ್ತೇನೆ. ಕಿಟಕಿಯ ಬಿಸಿಲೇ ಆಗಬೇಕೆಂದಿಲ್ಲ. ಫ್ರಿಡ್ಜ್ ಮಾತ್ರ ಬೇಡವೇ ಬೇಡ, ಚಳಿಗೆ ಘಮವೇ ಹೋಗುತ್ತದೆ. ಪೂರ್ತಿ ಹಸಿರಿದ್ದರೆ ಒಂದನ್ನು ಕೊಯ್ದು ನೋಡುವುದು. ಬೀಜದ ಸುತ್ತ ಲೋಳೆ ಕಟ್ಟಿ, ಬೀಜ ಚಾಕುವಿಗೆ ಸಿಗದೆ ಜಾರಿದರೆ ಅದರ ಓರಗೆಯವೂ ಬಲಿತಿವೆ ಅಂತ ಲೆಕ್ಕ. ಬೀಜವೂ ಕತ್ತರಿಸಿಹೋದರೆ ಇನ್ನೂ ಎಳಸು, ಕಿತ್ತರೆ ಕೆಡುತ್ತದೆ.

ಇನ್ನೊಂದು ಮಾತು. ಬೀಜದ ಪೊಟ್ಟಣದ ಮೇಲೆ ಹಣ್ಣು ಬರಲು 60 ದಿನ ಅಂತ ಇದ್ದರೆ, ಸಾಮಾನ್ಯವಾಗಿ ಅದನ್ನು ಎಣಿಸುವುದು ಸಸಿ ನಾಟಿ ಮಾಡಿದ ದಿನದಿಂದ. ನಾನು ಬಿತ್ತಿದ ದಿನದಿಂದ ಎಣಿಸಿ ಗಿಡವನ್ನೇ ಬೈದಿದ್ದೆ! ದೊಡ್ಡ ದೊಡ್ಡ ಹಣ್ಣಿನ ತಳಿಗಳ ಆಸೆಯನ್ನೂ ಬಿಟ್ಟೆ. ತಂಪು ಕಡೆ ಚೆರ್ರಿ ಟೊಮೆಟೊನೇ ವಾಸಿ, ಬೇಗ ಕೈಗೆ ಬರುತ್ತದೆ.

ಸದ್ಯ ಅಡುಗೆಮನೆಯ ಕಪಾಟಿನಲ್ಲಿ 11 ದೋರೆಗಾಯಿಗಳಿವೆ. ಹನ್ನೆರಡನೆಯದನ್ನು ಮಾತ್ರ ಗಿಡದಲ್ಲೇ ಬಿಟ್ಟಿದ್ದೇನೆ. ಹಟ ಅಷ್ಟು ಸುಲಭಕ್ಕೆ ಹೋಗುತ್ತದಾ?