ತಾಮ್ರ ತಜ್ಞರ ಜಿಲ್ಲೆ

ಚಿತ್ರದುರ್ಗದ ಮಗ್ಗುಲಿನ ಇಂಗಳದಾಳಿನಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯವರು ಒಂದು ಕಾಲಕ್ಕೆ ನೆಲ ಬಗೆದು ತಾಮ್ರದ ಅದಿರು ತೆಗೆಯುತ್ತಿದ್ದರು. ಆ ಗಣಿ ಮುಚ್ಚಿ ವರ್ಷಗಳೇ ಆದವು. ಹಾಗಂತ ಜಿಲ್ಲೆಯಲ್ಲಿ ತಾಮ್ರದ ಉತ್ಪಾದನೆ ನಿಂತಿಲ್ಲ. ರಾತ್ರಿ ಪಾಳಿಯಲ್ಲಿ ನಮ್ಮ ಅಡಿಕೆ ತೋಟಗಳಲ್ಲಿ ನಡೆದಿದೆ. ಅದಿರು ಕುಟ್ಟುವ ತಾಪತ್ರಯವಿಲ್ಲ. ಬೋರಿನ ಕೇಬಲ್ ಕತ್ತರಿಸಿ ಹಳ್ಳಕ್ಕೊಯ್ದು ಬೆಂಕಿ ಹಚ್ಚಿದರೆ ಪ್ಲಾಸ್ಟಿಕ್ ಉರಿದು ತಾಮ್ರ ಉಳಿಯುತ್ತದೆ. 1085 ಡಿಗ್ರಿ ಮುಟ್ಟುವ ತನಕ ಅದು ಕರಗುವುದಿಲ್ಲವೆಂದು ಈ ಕಳ್ಳರಿಗೆ ಯಾವ ಮೇಷ್ಟ್ರು ಹೇಳಿಕೊಟ್ಟರೋ!

ಎರಡು ಸಲ ಕೇಬಲ್ ಹೋದ ಮೇಲೆ ನಾನೂ ವಿಜ್ಞಾನ ಓದಿದೆ. ಅಲ್ಯೂಮಿನಿಯಂ ವಿದ್ಯುತ್ ಹರಿಸುವುದರಲ್ಲಿ ತಾಮ್ರದ ಶೇ 60ರಷ್ಟು ಮಾತ್ರ, ಹಾಗಾಗಿ ತಂತಿ ದಪ್ಪ ಬೇಕು. ಆದರೆ ಘನ ಸೆಂಟಿಮೀಟರಿಗೆ ತಾಮ್ರ 8.96 ಗ್ರಾಂ ತೂಗಿದರೆ ಇದು 2.7; ದಪ್ಪಗಿದ್ದೂ ತೂಕ ಅರ್ಧ. ಪಠ್ಯಪುಸ್ತಕದಲ್ಲಿಲ್ಲದ ದೊಡ್ಡ ಗುಣ ಬೇರೆಯೇ ಇದೆ: ಗುಜರಿಯಲ್ಲಿ ಇದನ್ನು ಮೂಸುವವರು ಕಡಿಮೆ. ಹಾಕಿಸಿಯೇ ಬಿಟ್ಟೆ.

ಹದಿನೈದು ದಿನಕ್ಕೆ ಮೋಟರ್ ನಿಂತಿತು. ಹೋಗಿ ನೋಡಿದರೆ ಕೇಬಲ್ ಅಲ್ಲೇ ಬಿದ್ದಿದೆ, ತುಂಡು ತುಂಡಾಗಿ. ತುದಿಯಲ್ಲಿ ಬ್ಲೇಡಿನಿಂದ ಉಗುರಗಲ ಕೆರೆದಿದ್ದಾರೆ. ಒಳಗೆ ಬೆಳ್ಳಗೆ ಮಿನುಗುತ್ತಿದೆ. ಮುಂದೆಲ್ಲಾದರೂ ಕೆಂಪಗಿದ್ದೀತೆಂದು ಐದಾರು ಕಡೆ ಕತ್ತರಿಸಿ, ಪ್ರತಿ ತುಂಡನ್ನೂ ಕೆರೆದು ನೋಡಿದ್ದಾರೆ. ಕಾಲೇಜಿನ ಲ್ಯಾಬಿನಲ್ಲೂ ಇಷ್ಟು ಶ್ರದ್ಧೆ ನಾನು ಕಂಡಿಲ್ಲ.

ಠಾಣೆಗೆ ಹೋದೆ.

"ಏನ್ರೀ ಕಳುವಾಗಿದ್ದು?"

"ಏನೂ ಕಳುವಾಗಿಲ್ಲ ಸಾರ್, ಕತ್ತರಿಸಿ ಹೋಗಿದಾರೆ."

"ಮತ್ತೆ ಕಳ್ಳತನ ಹೆಂಗಾಯ್ತು?"

ಹಿಂದಿನ ಎರಡು ದೂರು ನೆನಪಿಸಿದೆ. ಬಿಲ್ ತನ್ನಿ, ಮಾಲಿನ ಗುರುತು ಬರೆಸಿ ಎಂದರು. ತಾಮ್ರಕ್ಕೆ ಏನು ಗುರುತು ಬರೆಸುವುದು? ಪರಮಾಣು ಸಂಖ್ಯೆ 29 ಎಂದೇ?

ಅಡಿಕೆ ಒಣಗುತ್ತಿತ್ತು. ವೈರ್‌ಮನ್ ಬಂದು, ಮೂಲೆಯಲ್ಲಿದ್ದ ಹಳೇ ತಾಮ್ರದ ತುಂಡನ್ನು ಅಲ್ಯೂಮಿನಿಯಂಗೆ ಹೊಸೆದು ಟೇಪ್ ಸುತ್ತಿದ. ಈ ಎರಡಕ್ಕೂ ನೇರ ಸಂಬಂಧ ಕೂಡಿಬರುವುದಿಲ್ಲ. ನಡುವೆ ಎರಡಕ್ಕೂ ಒಗ್ಗುವ ಲಗ್, ಅಂದರೆ ತಂತಿ ಜೋಡಿಸುವ ಲೋಹದ ತುಣುಕು, ಬೇಕು. ಇಲ್ಲದಿದ್ದರೆ ಗಂಟಿನಲ್ಲಿ ಕಿಲುಬು ಕಟ್ಟಿ, ಕಾದು, ಸುಟ್ಟುಹೋಗುತ್ತದೆ. ನಾಲ್ಕನೇ ದಿನ ಹೋಯಿತು. ಕಳ್ಳರಿಗಿದ್ದಷ್ಟು ಲೋಹಜ್ಞಾನ ಅವನಿಗೆ ಇರಲಿಲ್ಲ.

ಕೊನೆಗೆ ಬಿಳಿ ತುಂಡುಗಳನ್ನೆಲ್ಲ ಗೋಣಿಗೆ ತುಂಬಿ ಗುಜರಿ ಅಂಗಡಿಗೆ ಒಯ್ದೆ. ತಕ್ಕಡಿಯ ಮೇಲೆ ಮಸಿ ಮೆತ್ತಿದ ತಾಮ್ರದ ಸಿಂಬಿಗಳು ತೂಗುತ್ತಿದ್ದವು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ತಂದವನು ದುಡ್ಡು ಎಣಿಸಿಕೊಂಡು ಹೊರಟ. ಅಂಗಡಿಯವನು ನನ್ನ ಗೋಣಿಯೊಳಗೆ ಇಣುಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಕೇಬಲ್ ನಿಮ್ದೇನಾ ಅಣ್ಣಾ? ಬಿಲ್ ಐತಾ?"